ಹುಸಿಬೀಜ

ಗಿರಣಿ ನಮಗೆ ಸುಳ್ಳು ಹೇಳುತ್ತದೆ ಎಂಬುದು ಮೊದಲ ದಿನದಿಂದಲೂ ಗೊತ್ತಿತ್ತು. ಆಗಾಗ ಸುಳ್ಳು ಹೇಳಲಿ ಎಂದೇ ಸರಕಾರ ಅದನ್ನು ನಮ್ಮ ದವಾಖಾನೆಗೆ ಕೊಟ್ಟಿತ್ತು.

ಗಿರಣಿ ಎಂದರೆ ಹಿಟ್ಟಿನ ಗಿರಣಿಯಲ್ಲ. ಕಾಗದದ ಮೇಲೆ ಅದರ ಹೆಸರು ‘ಸರ್ವರೋಗ ವಾಚಕ’. ಕಬ್ಬಿಣದ ಕಪಾಟಿನಷ್ಟು ಎತ್ತರದ ಪೆಟ್ಟಿಗೆ. ಕೆಲಸಕ್ಕೆ ಕುಳಿತರೆ ಜೋಳ ಬೀಸುವ ಸದ್ದು ಮಾಡುವುದರಿಂದ ಮಗ್ಗದಕಟ್ಟಿಯ ಜನ ಆ ಹೆಸರಿಟ್ಟರು, ನಮಗೂ ಅದೇ ರೂಢಿಯಾಯಿತು. ಗಂಟಲ ದ್ರವ, ಕಫ, ರಕ್ತ, ಏನನ್ನೇ ಹಾಕಿ, ಅದರೊಳಗಿರುವ ಪ್ರತಿ ಕ್ರಿಮಿಯ ವಂಶಸೂತ್ರವನ್ನು ಅಕ್ಷರಕ್ಕೆ ಅಕ್ಷರ ಓದಿ, ನಲವತ್ತು ನಿಮಿಷಕ್ಕೆ ಅದರ ಹೆಸರು ಹೇಳುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಗಾಜಿನ ಪಟ್ಟಿಗೆ ಬಣ್ಣ ಹಚ್ಚಿ, ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಿದ್ದೆ. ಈಗ ಎರಡೂ ಕಣ್ಣು ತೆರೆದುಕೊಂಡು ಕುಳಿತಿರುತ್ತೇನೆ, ಕಾಣುವುದು ಮಾತ್ರ ಆಗಿನಷ್ಟೂ ಇಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಹೆಸರು ಪ್ರಿಸ್ಕಿಲ್ಲಾ ಹೊಸಮನಿ. ಊರವರ ಬಾಯಲ್ಲಿ ಪಿರಸವ್ವ, ಎದುರಿಗೆ ಬಂದರೆ ಅಕ್ಕಾರು. ಮಗ್ಗದಕಟ್ಟಿ ಮಿಶನ್ ದವಾಖಾನೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷದಿಂದ ಇದ್ದೇನೆ. ಬಾಯಿ ಸ್ವಲ್ಪ ಜೋರು, ಕೆಲಸ ಮಾತ್ರ ಅಚ್ಚುಕಟ್ಟು ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ.

ಸುಳ್ಳಿನ ಕಥೆ ಹೀಗೆ. ನೀಲಿಜ್ವರದ ವರ್ಷ ನಮ್ಮ ಸೀಮೆಯ ರೋಗಿಗಳು ಮೊದಲು ಬಂದು ಮಲಗಿದ್ದು ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಲ್ಲ. ಮಠದ ದವಾಖಾನೆ, ದರ್ಗಾದ ದವಾಖಾನೆ, ನಮ್ಮ ಮಿಶನ್ನು, ಇಂಥ ಕಡೆ. ದೂರದ ಊರುಗಳಲ್ಲಿ ಇದ್ದದ್ದೇ ನಾವು. ಮಠದವರು ಪೂಜೆ ಮಾಡಿದರು, ದರ್ಗಾದವರು ದುವಾ ಬೇಡಿದರು, ನಾವು ಮೊಣಕಾಲೂರಿದೆವು. ರೋಗಿಗಳನ್ನು ಮೂವರೂ ಕೈಬಿಡಲಿಲ್ಲ, ಅದು ಖರೆ. ಆದರೆ ರೋಗದ ಹೆಸರು ಗೊತ್ತಾದದ್ದು ಇಪ್ಪತ್ತೆರಡನೆಯ ದಿನ. ಅಷ್ಟರಲ್ಲಿ ಕುಣಿ ತೋಡುವವರೂ ಸಿಗದಂತಾಗಿತ್ತು. ಆಮೇಲೆ ಸರಕಾರ ಇಂಥ ನಾನೂರಾ ಹನ್ನೆರಡು ದವಾಖಾನೆಗಳಿಗೆ ಒಂದೊಂದು ಗಿರಣಿ ಕೊಟ್ಟಿತು. ಕೊಟ್ಟರೆ ಸಾಕೇ? ಮುಂದಿನ ಸಾಂಕ್ರಾಮಿಕ ಹತ್ತು ವರ್ಷ ಬಾರದಿದ್ದರೆ ಕೈಗೆ ತುಕ್ಕು ಹಿಡಿಯುತ್ತದೆ. ರೋಗ ಬರುವ ಮೊದಲೇ ಅದು ಬಂದಂತೆ ನಟಿಸಿ ಇವರನ್ನು ಎಚ್ಚರವಾಗಿಟ್ಟರೆ ಹೇಗೆ ಎಂದು ಯಾರೋ ತಲೆ ಓಡಿಸಿದರು.

ಹಾಗಾಗಿ ಗಿರಣಿಯ ಹೊಟ್ಟೆಯಲ್ಲಿ ಮುದ್ರೆ ಹಾಕಿದ ಇಪ್ಪತ್ತು ಪುಟ್ಟ ಶೀಶೆಗಳಿವೆ. ಅವುಗಳಲ್ಲಿರುವುದು ಹುಸಿಬೀಜ. ಪ್ಲೇಗು, ಕಾಲರಾ, ಗಂಟಲಮಾರಿ ಎಂಬ ಡಿಫ್ತೀರಿಯಾ, ಔಷಧಕ್ಕೆ ಬಗ್ಗದ ಕ್ಷಯ, ಹೀಗೆ ಒಂದೊಂದು ಶೀಶೆಯಲ್ಲಿ ಒಂದೊಂದು ಭಯಂಕರ ರೋಗದ ವಂಶಸೂತ್ರದ ಐದೈದು ತುಣುಕು. ತುಣುಕುಗಳಿಂದ ಯಾರಿಗೂ ಏನೂ ಆಗದು. ದೂರದ ಸನ್ನದ್ಧತಾ ಕೇಂದ್ರದಿಂದ ಗುಟ್ಟಾಗಿ ಆಜ್ಞೆ ಬಂದಾಗ ಗಿರಣಿ ಯಾರೋ ಒಬ್ಬ ನಿಜವಾದ ರೋಗಿಯ ಮಾದರಿ ಇರುವ ಗಾಜಿನ ನಳಿಗೆಗೆ ಒಂದು ಹನಿ ಹುಸಿಬೀಜ ಬೆರೆಸಿ, ಏನೂ ಅರಿಯದಂತೆ ಫಲಿತಾಂಶ ಹೊರಹಾಕುತ್ತದೆ. ನಾವು ನಿಜವೆಂದೇ ನಂಬಿ ಒಂದು ತಾಸಿನೊಳಗೆ ವರದಿ ಮಾಡಬೇಕು, ಪ್ರತ್ಯೇಕ ಕೋಣೆ ಸಜ್ಜು ಮಾಡಬೇಕು, ಜಿಲ್ಲೆಗೆ ಫೋನು ಮಾಡಿ ಔಷಧ ಕೇಳಬೇಕು. ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ಬರುತ್ತದೆ: ‘ಇದು ಪರೀಕ್ಷೆ. ನಿಮ್ಮ ಅಂಕ ಇಷ್ಟು.’ ಎರಡು ಸಲ ನಪಾಸಾದರೆ ಗಿರಣಿ ಬೇರೆಯವರ ಪಾಲು.

ಗಿರಣಿ ಜಾಣ. ಕಾಲು ಉಳುಕಿದವನಿಗೆ ಕಾಲರಾ ಎಂದರೆ ನಾವು ನಗುತ್ತೇವೆಂದು ಅದಕ್ಕೆ ಗೊತ್ತು. ಅದಕ್ಕೇ ರೋಗಿಯ ಚೀಟಿ ಓದಿ, ಯಾರಿಗೆ ಯಾವ ರೋಗ ಬಂದಿರುವ ಸಂಭವ ಹೆಚ್ಚೋ ಅವರ ನಳಿಗೆಗೇ ಆ ರೋಗದ ಹುಸಿಬೀಜ ಹಾಕುತ್ತದೆ. ಈ ಒಂದು ಮಾತನ್ನು ನೆನಪಿಡಿ. ನಾವು ಯಾರೂ ನೆನಪಿಟ್ಟಿರಲಿಲ್ಲ.

ನಮ್ಮ ದವಾಖಾನೆ ಕಟ್ಟಿಸಿದ ಮಾರ್ತಾ ದೊರೆಸಾನಿಯ ಕಾಲದಿಂದಲೂ ಪ್ರಯೋಗಾಲಯದ ಬಾಗಿಲ ಮೇಲೆ ಬಿಳಿ ಬಣ್ಣದ ಒಂದು ಸಾಲಿದೆ: ‘ಕೈಯಾರೆ ಕೊಡು, ಬಾಯಾರೆ ಹೇಳು.’ ಪರೀಕ್ಷೆ ಮಾಡಿದವರೇ ಚೀಟಿ ಒಯ್ದು, ರೋಗಿಯ ಪಕ್ಕ ಕುಳಿತು ಓದಿ ಹೇಳಬೇಕು. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದೂ ಹೇಳಬೇಕು. ಓದು ಬಾರದವರ ಕೈಗೆ ಕಾಗದ ತುರುಕಿ ಕಳಿಸಬಾರದೆಂಬುದು ಆಕೆಯ ಹಟ. ಗಿರಣಿ ಬಂದ ಹೊಸದರಲ್ಲಿ ಈ ನಿಯಮದಿಂದ ದೊಡ್ಡ ಫಜೀತಿಯಾಯಿತು. ಕೊಂಡವ್ವ ಎಂಬ ಮುದುಕಿಗೆ ಪ್ಲೇಗು ಎಂದು ಹೇಳಿಬಂದೆ. ಇಪ್ಪತ್ತು ನಿಮಿಷ ಬಿಟ್ಟು ‘ಇದು ಪರೀಕ್ಷೆ’ ಎಂದು ಸಂದೇಶ ಬಂತು. ಅಷ್ಟರಲ್ಲಿ ಆಕೆ ಕಿವಿಯ ಬೆಂಡೋಲೆ, ಕೈಯ ಬಿಲ್ವಾರ ಬಿಚ್ಚಿ ಸೊಸೆಯಂದಿರಿಗೆ ಹಂಚಿಬಿಟ್ಟಿದ್ದಳು. ಅವು ವಾಪಸು ಬರಲೇ ಇಲ್ಲ. ಈಗಲೂ ಸಂತೆಯಲ್ಲಿ ನನ್ನನ್ನು ಕಂಡರೆ ಖಾಲಿ ಕಿವಿ ಮುಟ್ಟಿ ತೋರಿಸುತ್ತಾಳೆ.

ನಮ್ಮ ದೊಡ್ಡ ಡಾಕ್ಟರು, ಎಬೆನೇಜರ ಕಟ್ಟಿಮನಿಯವರು, ಬಲು ಮೆತ್ತನೆಯ ಮನಸ್ಸಿನವರು. ಇನ್ನು ಮೇಲೆ ಭಯಂಕರ ಹೆಸರು ಬಂದರೆ ಸಂದೇಶ ಬರುವವರೆಗೆ ರೋಗಿಗೆ ಹೇಳುವುದು ಬೇಡ ಎಂದರು. ಅದು ಅವರ ಕರುಣೆ. ನನ್ನ ಕರುಣೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪರೀಕ್ಷೆಗೆ ಸಿಕ್ಕ ನಳಿಗೆ ಕೆಟ್ಟಂತೆಯೇ ಲೆಕ್ಕ. ಆ ರೋಗಿಯನ್ನು ಮತ್ತೆ ಕರೆಸಿ ಹೊಸದಾಗಿ ದ್ರವ ತೆಗೆಯಬೇಕು ಎಂದು ಕೇಂದ್ರದ ಪುಸ್ತಕದಲ್ಲಿದೆ. ಮತ್ತೆ ಕರೆಸುವುದೆಂದರೆ ನೇಕಾರ ಇನ್ನೊಂದು ದಿನ ಮಗ್ಗ ನಿಲ್ಲಿಸಬೇಕು. ಸರಕಾರದ ಆಟಕ್ಕೆ ಬಡವರು ಯಾಕೆ ಎರಡೆರಡು ಸಲ ಬಾಯಿ ತೆರೆಯಬೇಕು? ಹುಸಿಬೀಜ ತೆಗೆದರೆ ಉಳಿಯುವುದು ಏನೂ ಇಲ್ಲವಲ್ಲ ಎಂದುಕೊಂಡು, ಅಂಥವರ ಹೆಸರಿನ ಮುಂದೆ ನಾನೇ ‘ನಾರ್ಮಲ್’ ಎಂದು ಬರೆಯತೊಡಗಿದೆ. ಮನೆತನಕ ಹೋಗಿ, ಪಕ್ಕ ಕುಳಿತು, ಬಾಯಾರೆ ಹೇಳಿಯೂ ಬರುತ್ತಿದ್ದೆ. ದೊರೆಸಾನಿಯ ಮಾತು ಮುರಿಯಲಿಲ್ಲ ಎಂಬ ಸಮಾಧಾನ ಬೇರೆ.

ಇನ್ನೊಂದು ರೂಢಿ ತಾನಾಗಿಯೇ ಬೆಳೆಯಿತು. ಅಂಕ ತೊಂಬತ್ತೈದು ದಾಟಿದರೆ ಚರ್ಚಿನ ಗಂಟೆ ಬಾರಿಸುವುದು, ನನ್ನ ಯಜಮಾನರು ಕಟ್ಟಿದ ಶೇಂಗಾ ಉಂಡಿ ಹಂಚುವುದು. ಮಠದ ದವಾಖಾನೆಗೆ ತೊಂಬತ್ತಾರು ಬಂತಂತೆ ಎಂದು ಕೇಳಿದರೆ ನಮಗೆ ಊಟ ಸೇರುತ್ತಿರಲಿಲ್ಲ. ಪರದೆಯ ಮೇಲೆ ಕಾಲರಾ ಎಂದು ಕಂಡರೆ ನಮ್ಮ ಮುಖ ಅರಳುತ್ತಿತ್ತು. ನಾಚಿಕೆಯ ಮಾತು, ಆದರೂ ಹೇಳಬೇಕು.

ಆ ಗುರುವಾರ ಮುಂಜಾನೆ ನೀಲವ್ವ ಎಂಬಾಕೆ ಆರು ವರ್ಷದ ಮಗಳು ಸಾವಂತ್ರಿಯನ್ನು ಕರೆದುಕೊಂಡು ಬಂದಳು. ಗಂಡ ಹೆಂಡತಿ ಇಬ್ಬರೂ ಇಚಲಕರಂಜಿಯಲ್ಲಿ ಪವರ್‌ಲೂಮಿನ ಕೆಲಸಕ್ಕಿದ್ದು ಹದಿನೈದು ದಿನದ ಹಿಂದೆ ತಿರುಗಿ ಬಂದಿದ್ದರು. ಹುಡುಗಿಗೆ ಸಣ್ಣ ಜ್ವರ, ಗಂಟಲು ನೋವು. ದೊಡ್ಡ ಡಾಕ್ಟರು ಬ್ಯಾಟರಿ ಹಿಡಿದು ನೋಡಿದರು. ಗಂಟಲು ಕೆಂಪಾಗಿತ್ತು, ಅಷ್ಟೆ. ಚಳಿಗಾಲದಲ್ಲಿ ಅರ್ಧ ಊರಿನ ಮಕ್ಕಳದು ಹಾಗೇ ಇರುತ್ತದೆ. ಔಷಧ ಕೊಟ್ಟು, ಹತ್ತಿಕಡ್ಡಿಯಲ್ಲಿ ಗಂಟಲು ಸವರಿಸಿ ಮನೆಗೆ ಕಳಿಸಿದರು. ಕಡ್ಡಿ ಹಾಕುವಾಗ ಸಾವಂತ್ರಿ ನನ್ನ ಬೆರಳು ಕಚ್ಚಿದಳು.

“ಕಚ್ಚಬಾರದವಾ, ಅಕ್ಕಾರು ನಿನ್ನ ಗಂಟಲಾ ಗಿರಣಿಗೆ ಹಾಕ್ತಾರ,” ಎಂದಳು ನೀಲವ್ವ.

“ಹಿಟ್ಟ ಬರತೈತೇನು?” ಎಂದು ಹುಡುಗಿ ಕೇಳಿದಳು. ನಾನು ನಕ್ಕೆ.

ಹತ್ತೂವರೆಗೆ ಗಿರಣಿ ನಿಂತಿತು. ಪರದೆಯ ಮೇಲೆ ಸಾವಂತ್ರಿಯ ಹೆಸರಿನ ಮುಂದೆ ಕೆಂಪಕ್ಷರದಲ್ಲಿ: ಗಂಟಲಮಾರಿ. ನಮ್ಮ ಸೀಮೆಯಲ್ಲಿ ಮೂವತ್ತು ವರ್ಷದಿಂದ ಗಂಟಲಮಾರಿ ಕಂಡವರಿಲ್ಲ. ಅದು ಬರುತ್ತಿದ್ದದ್ದು ಪರೀಕ್ಷೆಯಲ್ಲಿ ಮಾತ್ರ. ನಾನು ಡಾಕ್ಟರ ಕೋಣೆಗೆ ಹೋಗಿ, “ಬಂತ್ರಿ ಸರ, ಪರೀಕ್ಷಾ,” ಎಂದೆ. ಅವರು ಗಡಿಯಾರ ನೋಡಿ ಎದ್ದರು. ಹದಿನೆಂಟು ನಿಮಿಷದಲ್ಲಿ ವರದಿ, ಕೋಣೆ, ಫೋನು ಎಲ್ಲ ಮುಗಿಸಿದೆವು. ಹನ್ನೊಂದಕ್ಕೆ ಸಂದೇಶ ಬಂತು: ‘ಇದು ಪರೀಕ್ಷೆ. ನಿಮ್ಮ ಅಂಕ ತೊಂಬತ್ತೆಂಟು.’ ಇಲ್ಲಿಯವರೆಗಿನ ದಾಖಲೆ. ಚರ್ಚಿನ ಗಂಟೆ ಬಾರಿಸಿದರು. ನಾನು ರಜಿಸ್ಟರಿನಲ್ಲಿ ಸಾವಂತ್ರಿಯ ಮುಂದೆ ‘ನಾರ್ಮಲ್’ ಎಂದು ದುಂಡಗೆ ಬರೆದು, ಸಂಜೆ ಅವರ ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡು ಊಟಕ್ಕೆ ಹೋದೆ.

ಮನೆ ದವಾಖಾನೆಯ ಹಿಂದೆಯೇ. ಗಂಟೆಯ ಸದ್ದು ಕೇಳಿ ನನ್ನ ಯಜಮಾನರು ಆಗಲೇ ಶೇಂಗಾ ಹುರಿದು, ಕುಟ್ಟಿ, ಬೆಲ್ಲ ಕಲಸಿ ಪರಾತದ ಮುಂದೆ ಕುಳಿತಿದ್ದರು. ಅವರ ಹೆಸರು ಜೇಕಬ. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಕಾರ್ಖಾನೆಯ ಧೂಳು ಇನ್ನೂ ಎದೆಯಲ್ಲಿ ಕುಳಿತು ಮಾತಿಗೊಮ್ಮೆ ಕೆಮ್ಮಿಸುತ್ತದೆ. ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ.

“ಎಷ್ಟು?” ಎಂದರು.

“ತೊಂಬತ್ತೆಂಟು. ಮಠದವರು ಇವತ್ತ ಉಪವಾಸ.”

ಅವರು ನಗಲಿಲ್ಲ. ಉಂಡಿ ಕಟ್ಟುತ್ತ, “ಯಾರ ನಳಗ್ಯಾಗ ಬಂತು?” ಎಂದು ಕೇಳಿದರು.

“ನೀಲವ್ವನ ಮಗಳ್ರಿ. ಇಚಲಕರಂಜಿಯಿಂದ ಬಂದಾರಲ್ಲ, ಅವರದು.”

“ಆ ಕೂಸಿಗೆ ಏನಾಗಿತ್ತು ಮತ್ತ?”

“ಏನಿಲ್ಲ. ನಾರ್ಮಲ್.”

ಅವರು ಕೆಮ್ಮಿ, ಕೈಯಲ್ಲಿನ ಉಂಡಿಯನ್ನು ಪರಾತದಲ್ಲಿಟ್ಟರು. “ನಾರ್ಮಲ್ ಅಂತ ಗಿರಣಿ ಹೇಳ್ತೋ, ನೀ ಹೇಳಿದ್ಯೋ?”

ಹಿಡಿದ ತುತ್ತನ್ನು ತಾಟಿಗಿಟ್ಟೆ. ಗಿರಣಿ ಹೇಳಿದ್ದು ಗಂಟಲಮಾರಿ. ಕೇಂದ್ರ ಹೇಳಿದ್ದು ಪರೀಕ್ಷೆ. ನಾರ್ಮಲ್ ಎಂದು ಹೇಳಿದ್ದು ಪ್ರಿಸ್ಕಿಲ್ಲಾ ಹೊಸಮನಿ ಒಬ್ಬಳೇ. ಮೊದಲು ಸಿಟ್ಟು ಬಂತು. ಇಷ್ಟು ವರ್ಷ ನಾನು ಮಾಡಿದ ಕೆಲಸವನ್ನು ಉಂಡಿ ಕಟ್ಟುತ್ತ ಕುಳಿತವರು ಕೇಳುವುದೇ? ಸಿಟ್ಟಿನ ಹಿಂದೆಯೇ ಒಂದು ಕುತೂಹಲ ತಲೆ ಎತ್ತಿತು. ಹುಸಿಬೀಜವನ್ನು ಬದಿಗೆ ಸರಿಸಿ ನೋಡಿದರೆ ಆ ನಳಿಗೆಯಲ್ಲಿ ಉಳಿಯುವುದಾದರೂ ಏನು? ನಾಲ್ಕು ವರ್ಷದಲ್ಲಿ ಒಂದು ಸಲವೂ ಅದನ್ನು ನೋಡಬೇಕೆಂದು ನನಗೆ ಅನಿಸಿರಲಿಲ್ಲವಲ್ಲ. ಕೈ ತೊಳೆದು ಎದ್ದೆ.

ಗಿರಣಿ ಪರದೆಯ ಮೇಲೆ ತೋರಿಸುವುದು ಕ್ರಿಮಿಯ ಹೆಸರು ಮಾತ್ರ. ಓದಿದ್ದನ್ನೆಲ್ಲ ಕೇಳಿದರೆ ಉದ್ದನೆಯ ಸುರುಳಿಯಲ್ಲಿ ಅಚ್ಚು ಮಾಡಿ ಕೊಡುತ್ತದೆ. ಯಾರೂ ಕೇಳುವುದಿಲ್ಲ. ನಾನು ಗಂಟಲಮಾರಿಯ ಭಾಗವನ್ನಷ್ಟೇ ಕೇಳಿದೆ. ಹುಸಿಬೀಜವಾದರೆ ಐದು ತುಣುಕು, ಅಂದರೆ ಐದು ಸಾಲು ಬಂದು ನಿಲ್ಲಬೇಕು. ಸುರುಳಿ ಮೇಜು ದಾಟಿತು, ನೆಲಕ್ಕಿಳಿಯಿತು, ನನ್ನ ಚಪ್ಪಲಿ ಮುಚ್ಚಿತು, ಇನ್ನೂ ಬರುತ್ತಲೇ ಇತ್ತು.

ಕೇಂದ್ರಕ್ಕೆ ಹೊಸ ವರದಿ ಕಳಿಸಲು ಹೋದರೆ ಪರದೆ ಒಪ್ಪಲಿಲ್ಲ. ‘ಈ ಮಾದರಿಯ ಪರೀಕ್ಷೆ ಮುಗಿದಿದೆ. ಅಭಿನಂದನೆಗಳು’ ಎಂದಿತು. ಮೂರು ಸಲ ಒತ್ತಿದೆ, ಮೂರು ಸಲವೂ ಅಭಿನಂದನೆ. ಜಿಲ್ಲಾ ಔಷಧ ಭಂಡಾರಕ್ಕೆ ಫೋನು ಮಾಡಿದೆ. “ಮುಂಜಾನೇನ ಪಾಸಾಗೀರಲ್ರಿ ಮೇಡಂ, ಮತ್ಯಾಕ?” ಎಂದು ಅಲ್ಲಿಯವರು ಇಟ್ಟುಬಿಟ್ಟರು. ಕೊನೆಗೆ ಕೇಂದ್ರದ ನಿಯಂತ್ರಣ ಕೋಣೆಗೇ ಹಚ್ಚಿದೆ. ಎತ್ತಿದವರು ವಿದ್ಯಾಧರ ಶೀಲವಂತ ಎಂಬ ಅಧಿಕಾರಿ. ಮುಖ ನೋಡಿಲ್ಲವಾದರೂ ನಾಲ್ಕು ವರ್ಷದಿಂದ ಧ್ವನಿಯ ಪರಿಚಯ.

ಆ ಕೋಣೆ ಹೇಗಿರುತ್ತದೆಂದು ಅವರೇ ಆಮೇಲೆ ಹೇಳಿದರು. ಒಂದು ಗೋಡೆ ತುಂಬ ನಾನೂರಾ ಹನ್ನೆರಡು ಸಣ್ಣ ದೀಪ. ಮಠದವರದು ಕಾವಿ ಬಣ್ಣ, ದರ್ಗಾದವರದು ಹಸಿರು, ಮಿಶನ್ನಿನವರದು ಬಿಳಿ. ಪರೀಕ್ಷೆ ಕಳಿಸಿದಾಗ ದೀಪ ಮಿಣುಕುತ್ತದೆ, ಪಾಸಾದರೆ ನಿಲ್ಲುತ್ತದೆ. ಗೋಡೆಯ ಕೆಳಗೆ ಗಾಜಿನ ಮುಚ್ಚಳದೊಳಗೆ ಒಂದು ಗುಂಡಿ, ಅದರ ಮೇಲೆ ‘ನಿಜ’ ಎಂದು ಬರೆದಿದೆ. ಅದನ್ನು ಒತ್ತಿದವರು ಇಲ್ಲಿಯತನಕ ಒಬ್ಬರೂ ಇಲ್ಲ. ಒತ್ತಿದರೆ ಜಿಲ್ಲೆಯೆಲ್ಲ ಎಚ್ಚರವಾಗುತ್ತದೆ. ಸುಮ್ಮನೆ ಒತ್ತಿದವನ ನೌಕರಿ ಹೋಗುತ್ತದೆ.

“ಅಕ್ಕಾರ, ಆ ನಳಗ್ಯಾಗ ನಾವು ಬೀಜ ಹಾಕಿದ್ದು ಖರೇನ ಐತ್ರಿ. ನನ್ನ ಮುಂದನ ದಾಖಲೆ ಐತಿ.”

“ಹಾಕೀರಿ, ಇಲ್ಲ ಅನ್ನೂದಿಲ್ಲ. ನೀವು ಹಾಕೂ ಮೊದಲ ಅದರಾಗ ಏನಿತ್ತು, ಅದನ್ನ ಕೇಳಾಕತ್ತೀನಿ.”

ಶೀಲವಂತರು ಮೆಲ್ಲಗೆ, “ಸುರುಳಿ ನಿಮ್ಮ ಕೈಯಾಗ ಐತೇನ್ರಿ?” ಎಂದರು. “ಗಂಟಲಮಾರಿ ಕ್ರಿಮಿ ವಿಷ ಹುಟ್ಟಿಸೂ ಸೂತ್ರ ಒಂದ ಐತಿ. ಅದನ್ನ ತಯಾರ ಮಾಡಬಾರದು ಅಂತ ಕಾಯದೇನ ಐತಿ, ತುಣುಕೂ ಮಾಡಂಗಿಲ್ಲ. ನಮ್ಮ ಹುಸಿಬೀಜದಾಗ ಅದು ಇರಾಕ ಸಾಧ್ಯ ಇಲ್ಲ. ನಿಮ್ಮ ಸುರುಳಿಯೊಳಗ ಐತೇನ ಹುಡುಕ್ರಿ. ಶುರುವಿನ ಅಕ್ಷರ ನಾ ಹೇಳತೀನಿ.”

ನಾಲ್ಕೇ ಅಕ್ಷರಗಳ ಭಾಷೆ ಅದು. ಅವರು ಹೇಳುತ್ತ ಹೋದರು, ನಾನು ನೆಲದ ಮೇಲೆ ಮೊಣಕಾಲೂರಿ, ಕನ್ನಡಕ ಮೂಗಿನ ತುದಿಗೆ ಸರಿಸಿ, ಸುರುಳಿಯ ಮೇಲೆ ಬೆರಳು ಓಡಿಸುತ್ತ ಹೋದೆ. ಮೊದಲ ಮೊಳದಲ್ಲಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಇರದಿರಲಪ್ಪಾ ಎಂದು ಬಾಯಿ ಪ್ರಾರ್ಥಿಸುತ್ತಿತ್ತು, ಬೆರಳು ಮಾತ್ರ ಹುಡುಕುವುದನ್ನು ಬಿಡಲಿಲ್ಲ. ಬಾಗಿಲ ಹತ್ತಿರ ಸಿಕ್ಕಿತು. ನಾನೇ ಅಕ್ಷರ ಅಕ್ಷರವಾಗಿ ಓದಿ ಹೇಳಿದೆ. ಹದಿನೈದನೆಯ ಅಕ್ಷರಕ್ಕೆ ಶೀಲವಂತರು, “ಸಾಕ್ರಿ,” ಎಂದರು. “ಇದು ನಮ್ಮದಲ್ಲ.”

ಗಾಜಿನ ಮುಚ್ಚಳ ಎತ್ತಿದ ಸದ್ದು ನನಗೆ ಫೋನಿನಲ್ಲಿಯೇ ಕೇಳಿಸಿತು. ಗಿರಣಿ ಯಾರಿಗೆ ಗಂಟಲಮಾರಿ ಬರುವ ಸಂಭವ ಹೆಚ್ಚೆಂದು ಹುಡುಕಿತ್ತು. ಗಂಟಲು ನೋವು, ಊರೂರು ಅಲೆದು ಲಸಿಕೆ ತಪ್ಪಿದ ಕೂಸು. ಸರಿಯಾಗಿಯೇ ಹುಡುಕಿತ್ತು. ರೋಗವೂ ಅದೇ ಕೂಸನ್ನೇ ಹುಡುಕಿತ್ತು. ನಿಜ ಕುಳಿತಿದ್ದ ಜಾಗದ ಮೇಲೆಯೇ ಹುಸಿಯನ್ನು ತಂದು ಮುಚ್ಚಿದ್ದರು, ಅದರ ಮೇಲೆ ನಾನು ‘ನಾರ್ಮಲ್’ ಎಂದು ದುಂಡಗೆ ಬರೆದಿದ್ದೆ.

ಮಧ್ಯಾಹ್ನದ ನಿದ್ದೆಯಲ್ಲಿದ್ದ ದೊಡ್ಡ ಡಾಕ್ಟರನ್ನು ಎಬ್ಬಿಸಿಕೊಂಡು ನೇಕಾರ ಓಣಿಗೆ ಓಡಿದೆವು. ಮಗ್ಗಗಳ ಸದ್ದಿನಲ್ಲಿ ಕೂಗಿದರೂ ಕೇಳಿಸದು. ನೀಲವ್ವನ ಮನೆಯಲ್ಲಿ ಸಾವಂತ್ರಿ ಕೌದಿಯ ಮೇಲೆ ಮಲಗಿದ್ದಳು. ಮುಂಜಾನೆ ನನ್ನ ಬೆರಳು ಕಚ್ಚಿದ ಹುಡುಗಿಗೆ ಈಗ ಧ್ವನಿಯೇ ಇರಲಿಲ್ಲ. ಕುತ್ತಿಗೆ ಊದಿತ್ತು. ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ನೋಡಿ ನನ್ನನ್ನು ಕರೆದರು. ಗಂಟಲಲ್ಲಿ ಬೂದಿ ಬಣ್ಣದ ಪೊರೆ, ಹಾಲಿನ ಕೆನೆಯ ಹಾಗೆ. ಪುಸ್ತಕದಲ್ಲಿ ಓದಿದ್ದನ್ನು ನಾವಿಬ್ಬರೂ ಮೊದಲ ಸಲ ಕಣ್ಣಾರೆ ಕಂಡೆವು.

“ಗಂಟಿ ಬಾರಿಸಿದ್ರಲ್ರಿ ಅಕ್ಕಾರ,” ಎಂದಳು ನೀಲವ್ವ. “ಗಂಟಿ ಬಾರಿಸಿದ್ರ ಎಲ್ಲಾ ಛಲೋ ಐತಿ ಅಂತ ಅಲ್ಲೇನ್ರಿ? ಅದಕ್ಕ ನಾ ಸುಮ್ಮನ ಕುಂತೆ.”

ಹುಡುಗಿಯನ್ನು ಎತ್ತಿಕೊಂಡು ನಡೆದೆ. ಪ್ರತ್ಯೇಕ ಕೋಣೆ ಮುಂಜಾನೆಯೇ ಸಜ್ಜಾಗಿತ್ತು. ಪರೀಕ್ಷೆಯಿಂದ ಆದ ಉಪಕಾರ ಅದೊಂದು. ಐವತ್ತು ನಿಮಿಷಕ್ಕೆ ಜಿಲ್ಲೆಯಿಂದ ಡ್ರೋನು ವಿಷಹಾರಿ ಔಷಧ ತಂದು ದವಾಖಾನೆಯ ಅಂಗಳದಲ್ಲಿ ಇಳಿಸಿತು. ಗಂಟಲಮಾರಿಯಲ್ಲಿ ಹೊತ್ತು ಹೋದಷ್ಟೂ ವಿಷ ಎದೆಗೆ ಇಳಿಯುತ್ತದೆ. ಡಾಕ್ಟರು ಸೂಜಿ ಹಾಕಿದಾಗ ಮಧ್ಯಾಹ್ನ ಎರಡೂ ಕಾಲು. ಹನ್ನೊಂದೂವರೆಗೇ ಆಗಬಹುದಾಗಿತ್ತು.

ಇನ್ನು ಓಣಿಯ ಮಕ್ಕಳು. ಸಾವಂತ್ರಿ ಹದಿನೈದು ದಿನ ಅವರೊಂದಿಗೆ ಆಡಿದ್ದಾಳೆ. ಎಲ್ಲರ ಗಂಟಲು ನೋಡಬೇಕು, ಎಲ್ಲರಿಗೂ ಲಸಿಕೆ ಹಾಕಬೇಕು. ಮನೆ ಮನೆಗೆ ಹೋದರೆ ಮೂರು ದಿನ ಬೇಕು. ಮೈಕಿನಲ್ಲಿ ಗಂಟಲಮಾರಿ ಎಂದರೆ ಅರ್ಧ ಜನ ಸಾಮಾನು ಕಟ್ಟಿಕೊಂಡು ಇಚಲಕರಂಜಿಗೆ ಹೊರಟುಬಿಡುತ್ತಾರೆ, ರೋಗವನ್ನೂ ಹೊತ್ತುಕೊಂಡು. ಡಾಕ್ಟರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ನಾನು ಚರ್ಚಿಗೆ ಹೋಗಿ ಹಗ್ಗ ಜಗ್ಗಿದೆ. ಒಂದೇ ದಿನ ಎರಡನೆಯ ಸಲ ಗಂಟೆ ಬಾರಿಸಿದ್ದು ಅದೇ ಮೊದಲು. ಮಗ್ಗಗಳು ಒಂದೊಂದಾಗಿ ನಿಂತವು. ಕಾಲು ತಾಸಿನಲ್ಲಿ ಇಡೀ ಓಣಿ ಅಂಗಳದಲ್ಲಿತ್ತು, ಕಂಕುಳಲ್ಲೊಂದು ಕೈಯಲ್ಲೊಂದು ಮಕ್ಕಳ ಸಮೇತ. ಉಂಡಿ ಎಂದರೆ ಮಕ್ಕಳನ್ನು ಬಿಟ್ಟು ಬರುವವರುಂಟೇ? ನನ್ನ ಯಜಮಾನರು ಪರಾತ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಈ ಸಲ ನೂರಕ್ಕ ನೂರು ಬಂತೇನ್ರಿ ಅಕ್ಕಾರ?” ಎಂದು ಗುಂಪಿನಲ್ಲಿ ಯಾರೋ ಕೇಳಿದರು.

ಕಟ್ಟೆಯ ಮೇಲೆ ಹತ್ತಿದೆ. “ಇಲ್ಲ. ಈ ಸಲ ನಾ ನಪಾಸಾಗೀನಿ,” ಎಂದೆ. “ನೀಲವ್ವನ ಕೂಸಿಗೆ ಗಂಟಲಮಾರಿ ಆಗೇತಿ. ಖರೇ ಗಂಟಲಮಾರಿ. ನಾ ಅದನ್ನ ಏನೂ ಇಲ್ಲ ಅಂತ ಬರದಿದ್ದೆ. ಅದಕ್ಕ ಮದ್ದ ಐತಿ, ಅಂಜಬ್ಯಾಡ್ರಿ. ಆದ್ರ ಒಂದ ಕೂಸೂ ಬಾಯಿ ತೋರಿಸದ ಮನೀಗೆ ಹೋಗಬಾರದು. ಬಾಯಿ ತೋರಿಸಿದವರಿಗೆ ಉಂಡಿ.”

ಮೊದಲು ಮುಂದೆ ಬಂದವಳು ಕೊಂಡವ್ವ, ಮೂವರು ಮೊಮ್ಮಕ್ಕಳನ್ನು ದಬ್ಬಿಕೊಂಡು. “ನನ್ನ ಬೆಂಡೋಲಿ ಕಳದಾಕಿ ಇವತ್ತ ಖರೇ ಹೇಳಾಕತ್ಯಾಳ,” ಎಂದಳು. “ಬಾಯಿ ತಗೀರಲೇ.” ಅವಳ ಹಿಂದೆ ಸಾಲು ಕಟ್ಟಿತು. ಹೊತ್ತು ಮುಳುಗುವುದರೊಳಗೆ ನೂರಾ ಅರವತ್ತು ಗಂಟಲು ಸವರಿದೆವು. ನಾಲ್ಕು ಮಕ್ಕಳಲ್ಲಿ ಕ್ರಿಮಿ ಸಿಕ್ಕಿತು, ಪೊರೆ ಬರುವ ಮೊದಲೇ ಸಿಕ್ಕಿತು. ನಾಲ್ಕೂ ಮನೆಗೆ ನಾನೇ ಹೋಗಿ, ಪಕ್ಕ ಕುಳಿತು, ಓದಿ ಹೇಳಿದೆ.

ಸಾವಂತ್ರಿಗೆ ಒಂಬತ್ತನೆಯ ದಿನ ಧ್ವನಿ ಬಂತು. ಹೊಸದಾಗಿ ಗಂಟಲು ಸವರಿ, ಗಿರಣಿಗೆ ಹಾಕಿ, ಚೀಟಿ ಒಯ್ದು ಅವಳ ಮಂಚದ ಮೇಲೆ ಕುಳಿತೆ. “ಏನೂ ಇಲ್ಲವಾ,” ಎಂದೆ.

ಅವಳು ಕಣ್ಣು ಸಣ್ಣದು ಮಾಡಿ ನೋಡಿದಳು. “ಗಿರಣಿ ಹೇಳೇತೋ, ನೀವ ಹೇಳಾಕತ್ತೀರೋ?” ಓಣಿಯೆಲ್ಲ ಆಗಲೇ ಆ ಮಾತು ಹಬ್ಬಿತ್ತು.

“ಗಿರಣಿ,” ಎಂದೆ. ಬೈಯಬೇಕೆನಿಸಲಿಲ್ಲ.

ಶೀಲವಂತರ ನೌಕರಿ ಉಳಿಯಿತು. ಕೇಂದ್ರದವರು ಬಂದು ನೋಡಿ, ನಾನು ಕೇಳಿದ್ದಕ್ಕೆ ಒಪ್ಪಿದರು. ಈಗ ಪ್ರತಿ ರೋಗಿಯಿಂದ ಎರಡು ನಳಿಗೆ ತೆಗೆಯುತ್ತೇವೆ. ಒಂದರಲ್ಲಿ ಕೇಂದ್ರ ಬೇಕಾದ ಸುಳ್ಳು ಬೆರೆಸಲಿ. ಎರಡನೆಯದನ್ನು ಇಡುವ ತೂತಿಗೆ ಹುಸಿಬೀಜದ ಕೊಳವೆ ಇಲ್ಲ, ಅದು ರೋಗಿಯದು. ಇಷ್ಟು ಸಾದಾ ಉಪಾಯ ನಾನೂರಾ ಹನ್ನೆರಡು ದವಾಖಾನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನನಗೆ ಮಾತ್ರ ನಿದ್ದೆ ಸರಿಯಾಗಲಿಲ್ಲ. ಸಾವಂತ್ರಿ ಒಬ್ಬಳೇ ಅಲ್ಲವಲ್ಲ. ಒಂದು ಶನಿವಾರ ಮಧ್ಯಾಹ್ನ ಹಳೆಯ ರಜಿಸ್ಟರುಗಳನ್ನೆಲ್ಲ ಇಳಿಸಿಕೊಂಡು, ಪರೀಕ್ಷೆಗೆ ಸಿಕ್ಕ ನಳಿಗೆಗಳ ಒಡೆಯರ ಹೆಸರು ಬೇರೆ ಹಾಳೆಯಲ್ಲಿ ಬರೆಯುತ್ತ ಕುಳಿತೆ. ಮೂವತ್ತೊಂದು ಹೆಸರು. ಎಲ್ಲರ ಮುಂದೆಯೂ ನನ್ನದೇ ಅಕ್ಷರದ ‘ನಾರ್ಮಲ್’. ಒಬ್ಬೊಬ್ಬರ ಮನೆಗೂ ಹೋಗಿ, ಅವತ್ತು ಹೇಳಿದ್ದು ನನ್ನ ಮಾತು, ಗಿರಣಿಯದಲ್ಲ, ಮತ್ತೊಮ್ಮೆ ನೋಡೋಣ ಬನ್ನಿ ಎಂದು ಕರೆಯುವುದೆಂದು ನಿರ್ಧಾರ ಮಾಡಿದ್ದೆ.

ಇಪ್ಪತ್ತಮೂರನೆಯ ಹೆಸರಿಗೆ ಪೆನ್ನು ನಿಂತಿತು. ಒಂದೂವರೆ ವರ್ಷದ ಹಿಂದಿನ ತಾರೀಕು. ಕಫ. ಪರೀಕ್ಷೆ: ಔಷಧಕ್ಕೆ ಬಗ್ಗದ ಕ್ಷಯ. ಅಂಕ ತೊಂಬತ್ತೇಳು. ನಾರ್ಮಲ್. ಹೆಸರು ಜೇಕಬ ಹೊಸಮನಿ.

ನೆನಪಾಯಿತು. ಅವತ್ತು ಮನೆಗೆ ಹೋಗಿ ನಗುತ್ತಲೇ ಹೇಳಿದ್ದೆ. “ನಿಮ್ಮ ಕಫದಿಂದ ನಾವು ಪಾಸಾದಿವಿ ನೋಡ್ರಿ. ನಿಮಗೇನಾಗಿಲ್ಲ, ಬರೇ ಧೂಳು.” ಅವರೇ ಎದ್ದು ಶೇಂಗಾ ಹುರಿದಿದ್ದರು. ಆಮೇಲೆ ಅವರ ಅಂಗಿಗಳು ಸಡಿಲಾದವು, ನಿವೃತ್ತಿಯಾದ ಮೇಲೆ ಊಟ ಕಡಿಮೆಯಾಗಿದೆ ಎಂದುಕೊಂಡೆ. ದೀಪದ ಬುಡದಲ್ಲಿ ಕತ್ತಲೆ ಎಂದು ಗಾದೆ ಹೇಳುವಾಗ ಅದು ಬೇರೆಯವರ ಮನೆಯ ದೀಪವೆಂದೇ ನಾವು ತಿಳಿದಿರುತ್ತೇವೆ. ಆ ಗುರುವಾರ ಅವರು ಕೇಳಿದ ಪ್ರಶ್ನೆ ಸಾವಂತ್ರಿಯೊಬ್ಬಳದೇ ಆಗಿರಲಿಲ್ಲ.

ಎರಡು ನಳಿಗೆ ಹಿಡಿದು ಮನೆಗೆ ಹೋದೆ. ಅವರು ಬಾಗಿಲಲ್ಲಿ ಕುಳಿತು ಬಿಸಿಲು ಕಾಯುತ್ತಿದ್ದರು. ನನ್ನ ಕೈಯಲ್ಲಿನ ನಳಿಗೆ ನೋಡಿದರು. ಎರಡು ಸಲ ಕೆಮ್ಮಿ ಕಫ ತೆಗೆದುಕೊಟ್ಟರು, ಹೆಗಲಿಗೆ ಟವೆಲು ಹಾಕಿಕೊಂಡು ನನ್ನ ಹಿಂದೆಯೇ ಪ್ರಯೋಗಾಲಯಕ್ಕೆ ಬಂದರು.

ನಲವತ್ತು ನಿಮಿಷಕ್ಕೆ ಎರಡೂ ನಳಿಗೆ ಒಂದೇ ಹೆಸರು ಹೇಳಿದವು. ಸಂದೇಶ ಬಂದೀತೆಂದು ಒಂದು ತಾಸು ಪರದೆಯನ್ನೇ ನೋಡಿದೆ. ಬಾರದೆಂದು ಗೊತ್ತಿದ್ದೂ ನೋಡಿದೆ. ಬರಲಿಲ್ಲ. ಚೀಟಿ ಹರಿದುಕೊಂಡು ಬೆಂಚಿನ ಮೇಲೆ ಅವರ ಪಕ್ಕ ಕುಳಿತೆ.

“ಕ್ಷಯ ಐತ್ರಿ,” ಎಂದೆ. “ಸಾದಾ ಕ್ಷಯ, ಔಷಧಕ್ಕ ಬಗ್ಗೂದು. ಆರು ತಿಂಗಳು ಗುಳಿಗಿ ತಗೊಂಡ್ರ ಹೋಗತೈತಿ. ಒಂದೂವರಿ ವರ್ಷದ ಹಿಂದನ ಹೇಳಬೇಕಾಗಿತ್ತು. ನಾ ಹೇಳಲಿಲ್ಲ.” ಅಷ್ಟು ಹೇಳುವುದರೊಳಗೆ ಅಳು ಬಂತು, ಅತ್ತುಬಿಟ್ಟೆ.

ಅವರು ನನ್ನ ಕೈಯಿಂದ ಚೀಟಿ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. “ಗಿರಣಿ ಹೇಳೇತಿ ಅಂದ ಮ್ಯಾಲ ಆತು,” ಎಂದರು. ಆಮೇಲೆ ಟ್ರೇ ಕಡೆ ನೋಡಿದರು. “ನೀ ದಿನಾ ನನ್ನ ಬಾಜೂಕ ಕುಂತು ಉಣ್ಣಾಕಿ. ನಿನ್ನ ನಳಗಿ ಎಲ್ಲೈತಿ?”

ನಾನು ಎದ್ದು ಎರಡು ನಳಿಗೆಗೆ ಕಫ ತೆಗೆದು, ಎರಡರ ಮೇಲೂ ನನ್ನ ಹೆಸರು ಬರೆದು ಗಿರಣಿಗಿಟ್ಟೆ.

“ನಿನಗ ಓದಿ ಹೇಳೋರು ಯಾರು?” ಎಂದರು.

“ನೀವ ಓದ್ರಿ.”

ಅವರು ಟವೆಲಿನಿಂದ ಕನ್ನಡಕ ಒರೆಸಿಕೊಂಡರು. ಗಿರಣಿ ಬೀಸತೊಡಗಿತು. ನಾವಿಬ್ಬರೂ ಬೆಂಚಿನ ಮೇಲೆ ಕುಳಿತು ಕಾದೆವು.